ಗಂಟೆಗೆ ಬಂದ ಚಿಗರಿಗಳು

ನನ್ನ ಜಾಗಕ್ಕೆ ಬರುವ ತರುಣನಿಗಾಗಿ ಕೆಲಸದ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದು ಪಾಂಜರಪೋಳದವರು ಕೇಳಿದ್ದರು. ಬರೆದೆ. ಮರುದಿನ ಓದಿ ನೋಡಿದರೆ ಅದರಲ್ಲಿದ್ದದ್ದೆಲ್ಲ ಸರಿಯಾಗಿತ್ತು, ಕೆಲಸವೊಂದು ಮಾತ್ರ ಅದರಲ್ಲಿರಲಿಲ್ಲ. ಹಾಲು ಎಷ್ಟು, ಯಾವ ಹೊತ್ತಿಗೆ, ಹುಲ್ಲು ಯಾವಾಗಿನಿಂದ ಎಂಬುದನ್ನು ಪುಸ್ತಕಗಳು ಹೇಳುತ್ತವೆ. ತಾಯಿ ಸತ್ತ ಚಿಗರಿಮರಿ ನಿಮ್ಮ ಕೋಟಿನ ಗುಂಡಿ ಚೀಪುತ್ತ ನಿಂತಾಗ ನಿಮ್ಮ ಪದವಿ, ವಯಸ್ಸು, ಬುದ್ಧಿ ಎಲ್ಲ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಆ ನಾಲ್ಕು ಪುಟ ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ. ಪುಣೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವನು ನಾನು, ಕಂಡದ್ದನ್ನು ಕಂಡಕೂಡಲೇ ಬರೆದಿಡಬೇಕು ಎಂದು ಕಲಿತವನು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದಿನಚರಿ ಇಟ್ಟಿದ್ದೆ. ಆದರೆ ನನ್ನ ಅಂಗೈ ಬೆವರಿನ ಉಪ್ಪು ಅಂಟಿದ ಕಾಗದ ಮರಿಗಳಿಗೆ ಬಹಳ ಇಷ್ಟ. ಎರಡು ವರ್ಷದ ಪುಟಗಳನ್ನು ಅವು ತಿಂದಿವೆ. ಅಂದರೆ ಯಾರ ಬಗ್ಗೆ ಸಾಕ್ಷ್ಯ ಬರೆದಿದ್ದೆನೋ ಅವರೇ ಸಾಕ್ಷ್ಯವನ್ನು ನುಂಗಿದ್ದಾರೆ. ಉಳಿದ ಖಾಲಿ ಜಾಗಗಳನ್ನು ನನ್ನ ಹೆಂಡತಿ ಅಂಬಕ್ಕನ ನೆನಪಿನಿಂದ ತುಂಬಿದ್ದೇನೆ. ಆಕೆಯ ನೆನಪಿನಲ್ಲಿ ನಾನು ಎಲ್ಲ ಕಡೆಯೂ ಸ್ವಲ್ಪ ಹೆಚ್ಚೇ ದಡ್ಡನಾಗಿ ಬರುತ್ತೇನೆ. ಅದು ಸತ್ಯಕ್ಕೆ ಹತ್ತಿರವಿರಬಹುದು.

ಪಾಂಜರಪೋಳ ಎಂದರೆ ಮುದಿ ದನ, ಕುಂಟ ಕುದುರೆ, ಯಾರಿಗೂ ಬೇಡವಾದ ಪ್ರಾಣಿಗಳನ್ನು ಸಾಯುವವರೆಗೆ ಸಾಕುವ ಧರ್ಮದ ಜಾಗ. ನಮ್ಮದು ಪುಣೆಯ ಭಾಂಬುರ್ಡೆ ಪೇಟೆಯ ಅಂಚಿನಲ್ಲಿತ್ತು. ಅಲ್ಲಿ ಬಂದ ಪ್ರಾಣಿ ಸಾಯುವವರೆಗೆ ಇರುತ್ತದೆ ಎಂಬುದೇ ನಿಯಮ. ಬಂದದ್ದನ್ನು ಬೆಳೆಸಿ ವಾಪಸು ಕಾಡಿಗೆ ಕಳಿಸಬೇಕು ಎಂದವನು ನಾನು. ಶಿಕಾರಿಗಳು ತಾಯಿಯನ್ನು ಹೊಡೆದುಕೊಂಡು ಹೋದ ಮೇಲೆ ಹುಲ್ಲಿನಲ್ಲಿ ಉಳಿದ ಮರಿಗಳನ್ನು ಹಳ್ಳಿಯವರು ತಂದು ಬಿಡುತ್ತಿದ್ದರು. ಹೆಚ್ಚಿನವು ಚಿಂಕಾರ, ನಮ್ಮ ಕಡೆಯ ಚಿಗರಿಗಿಂತ ಸಣ್ಣ ಜಾತಿ, ಒಣಹುಲ್ಲಿನ ಬಣ್ಣದ್ದು. ಎಲ್ಲವನ್ನೂ ನಾವು ಚಿಗರಿ ಎಂದೇ ಕರೆಯುತ್ತಿದ್ದೆವು.

ಮೊದಲ ಮರಿ ಬದನೆಕಾಯಿಯ ಬುಟ್ಟಿಯಲ್ಲಿ ಬಂತು. ಆಗ ನಮ್ಮ ಹತ್ತಿರ ಇದ್ದದ್ದು: ಅರ್ಧ ತಗಡು ಹಾರಿಹೋದ ಒಂದು ಶೆಡ್ಡು, ಅದರ ಇನ್ನರ್ಧದಲ್ಲಿ ಒಂದು ಕುರುಡು ಕುದುರೆ, ಹರಿದ ಗೋಣಿಚೀಲಗಳು, ಯಾರ ಮನೆಯದೋ ಕೂಸು ಬಿಟ್ಟ ಒಂದು ಹಾಲಿನ ಬಾಟಲಿ, ಅದಕ್ಕೊಂದು ರಬ್ಬರಿನ ತೊಟ್ಟು. ಇದರ ಮೇಲೆ ನನ್ನ ವಿದ್ಯೆ. ಕಾಲೇಜಿನಿಂದ ಹಾಲು ಅಳೆಯುವ ಸಾಧನ ತಂದೆ. ಆಕಳ ಹಾಲಿಗೆ ಎಷ್ಟು ನೀರು, ಎಷ್ಟು ಸುಣ್ಣದ ತಿಳಿ ಎಂದು ಲೆಕ್ಕ ಹಾಕಿದೆ. ಮರಿ ಕುಡಿಯಿತು. ನಾಲ್ಕನೆಯ ದಿನ ಹೊಟ್ಟೆ ಉಬ್ಬಿ ಸತ್ತಿತು. ಎರಡನೆಯದಕ್ಕೆ ನೀರು ಹೆಚ್ಚಿಸಿದೆ, ಅದೂ ಹಾಗೆಯೇ ಸತ್ತಿತು. ಮೂರನೆಯದಕ್ಕೆ ಆಡಿನ ಹಾಲು. ಅದರ ಹೊಟ್ಟೆಯೂ ಉಬ್ಬತೊಡಗಿತು.

ಆಡಿನ ಹಾಲು ತರುತ್ತಿದ್ದವಳು ಹೌಸವ್ವ. ಅಥಣಿ ಕಡೆಯ ಕುರುಬರವಳು. ಗಂಡ ಸತ್ತ ಮೇಲೆ ಹನ್ನೆರಡು ಆಡು ಹೊಡೆದುಕೊಂಡು ನಡೆಯುತ್ತಲೇ ಪುಣೆಗೆ ಬಂದವಳು. ನನಗಿಂತ ಹತ್ತು ವರ್ಷ ಹಿರಿಯಳೋ ಕಿರಿಯಳೋ ಎಂದೂ ತಿಳಿಯಲಿಲ್ಲ. ಆ ದಿನ ಪಾತ್ರೆ ಇಳಿಸಿ ನನ್ನನ್ನೇ ನೋಡುತ್ತ ನಿಂತಳು.

"ರಾಯರ, ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಇದು ಉಚ್ಚಿ ಹೊಯ್ದದ್ದು ಯಾವಾಗ?"

ನಾನು ದಿನಚರಿ ತೆಗೆದು ನೋಡಿದೆ. ಹಾಲಿಗೆ ಒಂದು ಕಾಲಮ್ಮು, ತೂಕಕ್ಕೆ ಒಂದು, ಮೈಬಿಸಿಗೆ ಒಂದು. ಅದಕ್ಕೆ ಕಾಲಮ್ಮೇ ಇರಲಿಲ್ಲ.

"ಬರದಿಲ್ಲ ಹೌಸವ್ವ."

"ಬರಿಯೂದಲ್ರಿ, ಹೊಯ್ಯೂದು."

ಅವಳು ಒಂದು ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಮರಿಯ ಬಾಲ ಎತ್ತಿ, ಕೆಳಗೆ ಮೆಲ್ಲಗೆ ಒರೆಸತೊಡಗಿದಳು, ತಾಯಿ ನಾಲಗೆಯಿಂದ ನೆಕ್ಕಿದ ಹಾಗೆ. ಮರಿ ಕಣ್ಣು ಅರ್ಧ ಮುಚ್ಚಿ, ಮೂರು ದಿನದ್ದನ್ನು ಒಮ್ಮೆಗೇ ನನ್ನ ಕೋಟಿನ ಮೇಲೆ ಬಿಟ್ಟಿತು.

"ತಾಯಿ ನೆಕ್ಕದ ಹೊರತು ಇಷ್ಟ ಸಣ್ಣವಕ್ಕ ಬರಂಗಿಲ್ರಿ. ನಿಮ್ಮ ಸಾಲ್ಯಾಗ ಹೇಳಿದ್ದಿಲ್ಲೇನು?"

"ಇಲ್ಲ."

"ಹಂಗಾರ ಅಲ್ಲಿ ಕಲಿಸಾವ್ರೆಲ್ಲಾ ಗಂಡಸರ ಇರಬೇಕು."

ಒಳಗೆ ಹೋಗುವುದನ್ನೇ ಯೋಚಿಸಿ, ಹೊರಗೆ ಬರುವುದನ್ನು ಮರೆತು ಎರಡು ಜೀವ ಕಳೆದಿದ್ದೆ. ಅವಳು ಅದ್ದಿದ ಬಟ್ಟೆ ಅವಳ ಸೆರಗು ಎಂದು ನನ್ನ ನೆನಪು. ಅದು ನಿಮ್ಮ ಹೊಸ ಪಂಚೆ, ತೊಳೆದವಳು ನಾನು ಎಂದು ಅಂಬಕ್ಕ. ಯಾವುದಾದರೂ ಇರಲಿ, ಮರಿ ಬದುಕಿತು. ಹೊಸಬರೇ, ಪ್ರತಿ ಸಲ ಹಾಲು ಕುಡಿಸಿದ ಮೇಲೆ ಒದ್ದೆ ಬಟ್ಟೆ. ಈ ವಾಕ್ಯವೊಂದೇ ನೆನಪಿಟ್ಟು ಉಳಿದದ್ದನ್ನು ಓದದೆ ಬಿಟ್ಟರೂ ನನಗೆ ಬೇಸರವಿಲ್ಲ.

ನಮ್ಮ ಕಾರ್ಯದರ್ಶಿ ಗುರುಬಸಪ್ಪನವರು ಬೈಲಹೊಂಗಲದವರು, ರವಿವಾರ ಪೇಟೆಯಲ್ಲಿ ಬಟ್ಟೆಯ ಅಂಗಡಿ. ನಾನು ಅವರ ಕೈಕೆಳಗೆ ದುಡಿದವನು. ಅವರ ಬಗ್ಗೆ ನನ್ನ ದೂರು ಒಂದೇ: ಅವರಿಗೆ ಯಾವ ಪ್ರಾಣಿ ನೋಡಿದರೂ ಅದು ಹಸಿದಿದೆ ಎನಿಸುತ್ತಿತ್ತು.

"ಎಮ್ಮಿ ಹಾಲಿಗೆ ಏನ ಕಡಿಮಿ ಅದರಿ? ನಾವೆಲ್ಲಾ ಅದನ್ನ ಕುಡದ ಬೆಳದಿಲ್ಲೇನು?" ಎಂದು ತುಂಬಿದ ಚರಿಗೆ ಹಿಡಿದು ಬಂದರು ಒಂದು ದಿನ.

"ನೀವು ಬೆಳದಂಗ ಅದು ಬೆಳಿಬಾರದ್ರಿ ಸಾವಕಾರ್ರ. ಅದು ಓಡಬೇಕು."

ಅವರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು, ಅಂಗಳದ ಕಟ್ಟೆಯ ಮೇಲೆ ಕೂತು, ನಗು ನಿಲ್ಲುವವರೆಗೆ ಏಳಲಿಲ್ಲ. ಹಾಲನ್ನು ಕುರುಡು ಕುದುರೆಗೆ ಕೊಟ್ಟು ಹೋದರು.

ಶ್ರಾವಣ ಸೋಮವಾರಗಳಲ್ಲಿ ಊರ ಜನ ಪುಣ್ಯಕ್ಕೆಂದು ಬರುತ್ತಿದ್ದರು, ಕೈಯಲ್ಲಿ ಪೇಢೆ, ಸಾಬೂದಾಣಿ ಖಿಚಡಿ, ಬಾಳೆಹಣ್ಣು. ಚಿಗರಿಗಳಿಗೆ ಸಿಹಿ ಕೊಡಬಾರದು ಎಂದು ಮರಾಠಿಯಲ್ಲಿ ದಪ್ಪಕ್ಷರದ ಹಲಗೆ ಬರೆಸಿ ಹಾಕಿದೆ. ಒಬ್ಬ ವೃದ್ಧೆ ಹಲಗೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸಿ, "ಪಾಪ, ಇವಕ್ಕ ಯಾರೂ ಸಿಹಿ ಕೊಡಾಂಗಿಲ್ಲಂತ" ಎಂದು ಕಣ್ಣೊರೆಸಿಕೊಂಡು ಪೇಢೆ ತಿನ್ನಿಸಿದಳು. ಮರುದಿನ ಹಲಗೆ ತೆಗೆಸಿದೆ.

ಇನ್ನೊಮ್ಮೆ ಒಬ್ಬ ಗಣಿತದ ಪ್ರೊಫೆಸರರು ಟಾಂಗಾದಲ್ಲಿ ಶಾಲು ಸುತ್ತಿದ ಮರಿಯೊಂದನ್ನು ತಂದರು. ಗುಡ್ಡಕ್ಕೆ ತಿರುಗಾಡಲು ಹೋದಾಗ ಹುಲ್ಲಿನಲ್ಲಿ ಒಂಟಿಯಾಗಿ ಮಲಗಿತ್ತಂತೆ. ಮರಿಯ ಹೊಟ್ಟೆ ತುಂಬಿತ್ತು, ಮೈ ಒಣಗಿ ಸ್ವಚ್ಛವಾಗಿತ್ತು. ಚಿಗರಿಯ ತಾಯಿ ಮರಿಯನ್ನು ಅಡಗಿಸಿ ಮೇಯಲು ಹೋಗುತ್ತದೆ, ಒಂಟಿಯಾಗಿದ್ದದ್ದೆಲ್ಲ ಅನಾಥವಲ್ಲ ಎಂದು ನಾನು ಹೇಳಿದೆ. ಇಂಥದ್ದನ್ನು ಪರದೇಶಿ ಮಾಡಿದವರು ಯಾರು ಎಂದು ಕೇಳಿದರೆ, ಎಷ್ಟೋ ಸಲ ಅದನ್ನು ಎತ್ತಿ ತಂದವರೇ.

"ಅಂದ್ರ ನಾ ಮಾಡಿದ್ದು ಕಳವು ಅಂತೀರೇನು?" ಎಂದರು ಪ್ರೊಫೆಸರರು ಮರಾಠಿಯಲ್ಲಿ, ತಣ್ಣಗೆ.

"ಇನ್ನೂ ಆಗಿಲ್ಲ. ಎತ್ತಿದ ಜಾಗ ನೆನಪದ ಏನು?"

ಅದೇ ಟಾಂಗಾದಲ್ಲಿ ವಾಪಸು ಹೋದೆವು. ಮರಿಯನ್ನು ಎತ್ತಿದ ಕಡೆ ಇಟ್ಟು ಬಂಡೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿದೆವು, ಪ್ರೊಫೆಸರರು ಪಗಡಿ ತೆಗೆದು. ತಾಸೊಪ್ಪತ್ತಿನಲ್ಲಿ ತಾಯಿ ಬಂತು. ಪ್ರೊಫೆಸರರು ನನ್ನ ಮುಂಗೈ ಹಿಡಿದು ಎಷ್ಟು ಅದುಮಿದರೆಂದರೆ ಎರಡು ದಿನ ಗುರುತಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ರಬ್ಬರಿನ ತೊಟ್ಟು ಸಿಗುವುದು ನಿಂತಿತು. ಸೈಕಲ್ಲಿನ ವಾಲ್‌ಟ್ಯೂಬು, ಅಂದರೆ ಗಾಳಿ ತುಂಬುವ ಮೂತಿಯ ಸಣ್ಣ ರಬ್ಬರಿನ ಕೊಳವೆ, ತುಂಡು ಮಾಡಿ ಬಾಟಲಿಗೆ ಕಟ್ಟಿದೆವು. ವಾರಕ್ಕೆ ನಾಲ್ಕು ಸಲ ಹೋಗುವ ನನ್ನನ್ನು ಸೈಕಲ್ ಅಂಗಡಿಯವನು, ಎಂಥಾ ಸೈಕಲ್ಲು ನಿಮ್ಮದು, ದಿನಾ ಗಾಳಿ ಬಿಡುತ್ತದೆ ಎಂದು ಕೇಳಿದ. ಗಾಳಿ ಬಿಡುವುದಿಲ್ಲ, ಅಗಿಯುತ್ತದೆ ಎಂದೆ. ಸೋಡಾ ಬಾಟಲಿಗಳಲ್ಲಿ ಬಿಸಿನೀರು ತುಂಬಿ ಗೋಣಿ ಸುತ್ತಿ ಮರಿಗಳ ಪಕ್ಕದಲ್ಲಿಡುತ್ತಿದ್ದೆವು. ಈ ಕೊರತೆಗಳಿಂದ ನಮಗೆ ತೊಂದರೆಯಾಯಿತು, ನಿಜ. ಆದರೆ ದೊಡ್ಡ ತೊಂದರೆ ಬಂದದ್ದು ಕೊರತೆಯಿಂದಲ್ಲ, ನನ್ನ ಜಾಣತನದಿಂದ. ಈಗ ಆ ಕಥೆ.

ಸಾಕಿ ಬಿಟ್ಟ ಮರಿಗಳು ಮನುಷ್ಯರಿಗೆ ಹೆದರುತ್ತಿರಲಿಲ್ಲ. ಒಂದು ನೇರ ಆಲೆಮನೆಗೆ ಹೋಗಿ ನಿಂತಿತು. ಇನ್ನೊಂದನ್ನು ಊರ ನಾಯಿಗಳು ಹಿಡಿದವು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು: ಅವಕ್ಕೆ ಹಾಲು ಎಂದರೆ ಮನುಷ್ಯನ ಮುಖ, ಮನುಷ್ಯನ ಮಾತು. ಹಾಗಾದರೆ ಮುಖವನ್ನೂ ಮಾತನ್ನೂ ತೆಗೆದುಬಿಡೋಣ. ಆ ಸಲ ಐದು ಮರಿಗಳಿದ್ದವು. ಶೆಡ್ಡಿಗೆ ಗೋಣಿಚೀಲದ ಪರದೆ ಕಟ್ಟಿ, ಅದರಲ್ಲಿ ತೂತು ಮಾಡಿ, ಹಿಂದಿನಿಂದ ಬಾಟಲಿಯ ಮೂತಿ ಮಾತ್ರ ಆಚೆ ಬರುವ ಹಾಗೆ ಮಾಡಿದೆ. ಒಳಗೆ ಯಾರೂ ಮಾತಾಡಬಾರದು, ಒರೆಸುವಾಗಲೂ ಮೈಮೇಲೆ ಗೋಣಿ ಹೊದ್ದಿರಬೇಕು. ಮರಿಗಳಿಗೆ ಹೆಸರೂ ಇಲ್ಲ, ನಂಬರು. ಆದರೆ ಹಾಲಿನ ಹೊತ್ತಾಯಿತು ಎಂದು ಅವಕ್ಕೆ ತಿಳಿಸುವುದು ಹೇಗೆ? ರಷ್ಯಾದ ವಿಜ್ಞಾನಿಯೊಬ್ಬರು ಗಂಟೆ ಬಾರಿಸಿ ನಾಯಿಗಳ ಬಾಯಲ್ಲಿ ನೀರೂರಿಸಿದ ವಿಷಯ ಓದಿದ್ದೆ. ಮನೆಗೆ ಹೋಗಿ ದೇವರ ಮನೆಯ ಹಿತ್ತಾಳೆ ಗಂಟೆ ಎತ್ತಿಕೊಂಡೆ.

"ಅದನ್ನ ಎಲ್ಲಿಗ ಒಯ್ಯಲಿಕ್ಕತ್ತೀರಿ?" ಎಂದಳು ಅಂಬಕ್ಕ.

"ಚಿಗರಿಗೆ. ಪ್ರಯೋಗ."

"ಮತ್ತ ದೇವರಿಗೆ ಏನ ಬಾರಸಲಿ?"

"ಚಮಚಾ ತಾಟಿಗೆ ಬಡಿ."

"ಚಮಚಾ ಬಡದ್ರ ನೀವು ಬರತೀರಿ ಊಟಕ್ಕ. ದೇವರು ಬರಂಗಿಲ್ಲ."

ಪ್ರಯೋಗ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆರನೆಯ ದಿನಕ್ಕೆ ಗಂಟೆ ಅಲುಗಿಸಿದರೆ ಐದೂ ಮರಿಗಳು ಸಾಲಾಗಿ ಬಂದು ತೂತುಗಳ ಮುಂದೆ ನಿಲ್ಲುತ್ತಿದ್ದವು. ಗುರುಬಸಪ್ಪನವರು ಬಂದು ನೋಡಿ, ತಾವೇ ಗಂಟೆ ಬಾರಿಸಿ, ಮತ್ತೆ ಬಾರಿಸಿ, ನಾನು ಕಸಿದುಕೊಳ್ಳುವವರೆಗೆ ಬಾರಿಸಿದರು. ಕಾಲೇಜಿನ ವಿಜ್ಞಾನ ಮಂಡಲದಲ್ಲಿ ಈ ಬಗ್ಗೆ ಒಂದು ಪ್ರಬಂಧ ಓದಿದೆ. ಕೋಣೆ ತುಂಬ ಪುಣೆಯ ವಿದ್ವಾಂಸರು. ಹಾಲಿನ ಉಷ್ಣತೆ ಕೇಳಿದರು, ಗಂಟೆಯ ನಾದದ ಶ್ರುತಿ ಕೇಳಿದರು. ಈ ಸೀಮೆಯಲ್ಲಿ ಗಂಟೆ ಇನ್ನೆಲ್ಲೆಲ್ಲಿ ಬಾರಿಸುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ.

ಮಳೆಗಾಲ ಮುಗಿಯುತ್ತ ಬಂದು ಹುಲ್ಲು ಎದ್ದಾಗ ಐದನ್ನೂ ಪೆಟ್ಟಿಗೆಗಳಲ್ಲಿ ರೈಲಿಗೆ ಹಾಕಿ ಕೇಡಗಾಂವ ಸ್ಟೇಶನ್ನಿಗೆ, ಅಲ್ಲಿಂದ ಗಾಡಿಯಲ್ಲಿ ಸುಪೆಯ ಕಡೆಯ ಕುರುಚಲು ದಿಬ್ಬಗಳಿಗೆ ಒಯ್ದು ಬಿಟ್ಟೆವು. ಬಾಗಿಲು ತೆರೆದಾಗ ನಮ್ಮ ಕಡೆ ತಿರುಗಿಯೂ ನೋಡದೆ ಓಡಿದವು. ನಾನು ಹೌಸವ್ವನಿಗೆ ನೋಡು ಎಂದೆ. ಅವಳು, ನಿಮ್ಮ ಕಣ್ಣಿಗೆ ಏನೋ ಬಿದ್ದದ ರಾಯರ, ಒರಸಿಕೋರಿ ಎಂದಳು.

ಎಂಟೋ ಹತ್ತೋ ದಿನದ ಮೇಲೆ ಗುರುಬಸಪ್ಪನವರು ಅಂಗಡಿಗೆ ಕರೆಸಿದರು. ಕೈಯಲ್ಲಿ ಅಂಚೆಯ ಕಾರ್ಡು. ಆ ದಿಬ್ಬಗಳ ನಡುವೆ ಖಂಡೋಬನ, ನಮ್ಮ ಮೈಲಾರಲಿಂಗನ, ಸಣ್ಣ ಗುಡಿ ಇತ್ತು. ನಮ್ಮನ್ನು ಒಯ್ದ ಗಾಡಿಯವನಿಂದ ವಿಳಾಸ ತಿಳಿದು ಅದರ ಪೂಜಾರಿ ಗುರವ ಬರೆದಿದ್ದ. ಐದು ಚಿಗರಿಗಳು ದಿನವೂ ಎರಡು ಹೊತ್ತು ಆರತಿಗೆ ಬರುತ್ತಿವೆ. ಗಂಟೆ ಬಾರಿಸಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತವೆ. ಒಂದಂತೂ ಮಂಟಪದೊಳಗೆ ಬಂದು ನಿಲ್ಲುತ್ತದೆ. ಸುತ್ತಲ ಹತ್ತು ಹಳ್ಳಿಯ ಜನ ನೋಡಲು ಬರುತ್ತಿದ್ದಾರೆ. ಇವು ಹಿಂದಿನ ಜನ್ಮದಲ್ಲಿ ಯಾರೆಂದು ತಮಗೇನಾದರೂ ಗೊತ್ತೆ?

ಅಂಗಡಿಯ ಗಿರಾಕಿಗಳಿಗೆಲ್ಲ ಅದನ್ನು ಮೂರು ಸಲ ಓದಿ ತೋರಿಸಿದ್ದರು. "ನೀವು ದೇವರನ್ನ ನಂಬಂಗಿಲ್ಲಲ್ಲ ರಾಯರ. ಇನ್ನೇನ ಪುರಾವೆ ಬೇಕರಿ ನಿಮಗ?"

ನನಗೆ ನಗು ಬಂತು, ಆಮೇಲೆ ಗಂಟೆಗಳನ್ನು ಎಣಿಸತೊಡಗಿದೆ. ಗುಡಿಯಲ್ಲಿ ಗಂಟೆ ಇದೆ. ಆಡುಗಳ ಕೊರಳಲ್ಲಿ ಇದೆ. ಎತ್ತುಗಳ ಕೊರಳಲ್ಲಿ ಇದೆ. ಎತ್ತಿನ ಗಾಡಿಗೆ ಚಿಗರಿ ಹೆದರುವುದಿಲ್ಲವೆಂದೇ ಆ ಕಡೆಯ ಶಿಕಾರಿಗಳು ಗಾಡಿಯಲ್ಲಿ ಕೂತು ಬಂದೂಕು ಹಿಡಿಯುವುದು. ಕಾಡಿನ ಚಿಗರಿ ಗಾಡಿಯನ್ನು ಕಂಡು ಸುಮ್ಮನೆ ನಿಲ್ಲುತ್ತದೆ ಅಷ್ಟೆ. ನನ್ನವು ಹಾಲು ಬಂತೆಂದು ಗಾಡಿಯ ಹತ್ತಿರಕ್ಕೇ ಓಡಿ ಬರುತ್ತವೆ. ದಸರೆ ಮುಗಿದರೆ ಶಿಕಾರಿ ಶುರು. ಇದನ್ನೆಲ್ಲ ಹೇಳಿದೆ.

ಗುರುಬಸಪ್ಪನವರು ಕಾರ್ಡನ್ನು ಮಡಚಿ ಕಿಸೆಗಿಟ್ಟರು. ನಗೆ ಪೂರ್ತಿ ಇಳಿದಿತ್ತು.

"ದಸರಾಕ್ಕ ಎಷ್ಟ ದಿನ ಅದ?"

"ಹನ್ನೊಂದು."

"ಹೋಗಿ ಸರಿ ಮಾಡ್ರಿ. ಒಂದ ಚಿಗರಿ ಗಾಡಿ ಮುಂದ ಸತ್ತರೂ, ಇನ್ನ ಮುಂದ ಬಂದ ಮರಿ ಎಲ್ಲಾ ನಮ್ಮ ಆವಾರದಾಗ ಇರತಾವ, ಸಾಯೂತನಾ. ಕಟ್ಟಿ ಸಾಕೂದು ಪಾಪ ಇರಬಹುದು ರಾಯರ. ನಂಬಸಿ ಕೊಲ್ಲಾಕ ಕಳಸೂದು ಅದಕ್ಕಿಂತ ದೊಡ್ಡದು."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಷ್ಟು ವರ್ಷ ಬೆಳೆಸಿ ಬಿಡುವ ಕೆಲಸ ಉಳಿಯುತ್ತದೋ ಮುಗಿಯುತ್ತದೋ ಎಂಬುದು ಐದು ಮರಿಗಳು ಗಂಟೆಯನ್ನು ಮರೆಯುವುದರ ಮೇಲೆ ನಿಂತಿತು.

ಹೌಸವ್ವನನ್ನೂ ಅವಳ ಕರಿ ನಾಯಿ ಕಾಳ್ಯಾನನ್ನೂ ಕರೆದುಕೊಂಡು ಹೊರಟೆ. ಯೋಜನೆ ಸರಳ: ಗಂಟೆ ಬಾರಿಸುವುದು, ಮರಿಗಳು ಬರುವುದು, ನಾಯಿ ಬಿಡುವುದು. ಹತ್ತು ಸಲ ಮಾಡಿದರೆ ಗಂಟೆ ಎಂದರೆ ನಾಯಿ ಎಂದಾಗುತ್ತದೆ. ಗುರವನ ಹತ್ತಿರ ಹೇಳಿದೆ. ಅವನೊಂದಿಗೆ ಆದ ಮಾತೆಲ್ಲ ಮರಾಠಿಯಲ್ಲಿ, ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ದೇವರ ಗಂಟಿ ಕೇಳಿದ್ರ ಓಡಿ ಹೋಗೂ ಹಂಗ ಕಲಸತೀರಿ. ಈ ಪಾಪ ಯಾರಿಗೆ?" ಎಂದ ಗುರವ.

ಹೌಸವ್ವ ಹಿಂದಿನಿಂದ, "ನನ್ನ ನಾಯಿಗೆ ಬರಲಿ ಬಿಡ್ರಿ. ಅದು ನಿನ್ನೆನ ಒಂದ ಕೋಳಿ ತಿಂದದ, ಅದರ ಖಾತ್ಯಾಗ ಕೂಡತದ" ಎಂದಳು.

ಗುರವ ಗಂಟೆ ಹೊಡೆದ. ಐದೂ ಬಂದವು, ಎಲ್ಲರಿಗಿಂತ ಮುಂದೆ ನಾಲ್ಕನೆಯ ನಂಬರು. ನನ್ನ ಕಟ್ಟಪ್ಪಣೆ ಮೀರಿ ಹೌಸವ್ವ ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟಿದ್ದಳೆಂಬುದು ಆಗಲೇ ನನಗೆ ತಿಳಿದದ್ದು. ಅದರ ಎಡಗಿವಿಯಲ್ಲಿ ತಂತಿ ತಾಗಿ ಆದ ಒಂದು ಸೀಳಿತ್ತು. ಐದರಲ್ಲಿ ಅದೊಂದನ್ನು ಮಾತ್ರ ನಾನು ಗುರುತು ಹಿಡಿಯಬಲ್ಲವನಾಗಿದ್ದೆ. ಹೌಸವ್ವ ಕಾಳ್ಯಾನನ್ನು ಬಿಟ್ಟಳು. ಕಾಳ್ಯಾ ಬಾಣದ ಹಾಗೆ ಹೋಗಿ ಗುಬ್ಬಿಯ ಮುಂದೆ ಬೆನ್ನಮೇಲೆ ಉರುಳಿ ಮಲಗಿತು. ಗುಬ್ಬಿ ಅದರ ಮುಖ ನೆಕ್ಕಿತು. ನಾಲ್ಕು ತಿಂಗಳು ದಿನವೂ ಹಾಲಿನ ಜೊತೆ ಬಂದು ಶೆಡ್ಡಿನ ಬಾಗಿಲಲ್ಲಿ ಮಲಗುತ್ತಿದ್ದ ನಾಯಿ ಅದು. ಅವು ಹಳೆಯ ಗೆಳೆಯರು.

"ಇದನ್ನ ನೀ ಮೊದಲ ಹೇಳಬಾರದಿತ್ತೇನು?"

"ನೀವು ಒಳಗ ಯಾರೂ ಮಾತಾಡಬಾರದು ಅಂದಿದ್ರಿ."

ಅಷ್ಟರಲ್ಲಿ ಗುಬ್ಬಿ ನನ್ನ ಹತ್ತಿರ ಬಂತು. ನನ್ನ ಮುಖವನ್ನು ಅದು ಎಂದೂ ನೋಡಿರಲಿಲ್ಲ. ಬಂದದ್ದೇ ಕೋಟಿನ ತೋಳು ಮೂಸಿತು, ಅಂಗೈ ಮೂಸಿತು, ಆಮೇಲೆ ಎರಡನೆಯ ಗುಂಡಿಯನ್ನು ಬಾಯಿಗೆ ತೆಗೆದುಕೊಂಡಿತು. ಪರದೆಯ ಹಿಂದೆ ನಾನು ಅಡಗಿದ್ದೇನೆಂಬುದು ನಾಲ್ಕು ತಿಂಗಳು ನನ್ನೊಬ್ಬನಿಗೇ ಇದ್ದ ಭ್ರಮೆ. ಅವಕ್ಕೆ ಎಲ್ಲ ಗೊತ್ತಿತ್ತು. ಅಲ್ಲೇ ಕುಕ್ಕರಿಸಿ ಕೂತು ನಾನು ನಕ್ಕೆ. ಗುರವ ನೀರು ತಂದುಕೊಟ್ಟ.

ಎರಡು ದಿನ ಹೀಗೆ ಹಾಳಾದವು. ಮೂರನೆಯ ದಿನ ತುಂತುರು ಬಂತೆಂದು ಹೌಸವ್ವ ನನ್ನ ಕರಿ ಛತ್ರಿ ಎತ್ತಿ ಫಟ್ಟೆಂದು ಬಿಚ್ಚಿದಳು. ಗುಡಿಯ ಕಟ್ಟೆಯ ಹತ್ತಿರವಿದ್ದ ಐದೂ ಚಿಗರಿಗಳು ನಿಂತಲ್ಲಿಂದ ನೇರ ಮೇಲಕ್ಕೆ ಹಾರಿ, ಗಾಳಿಯಲ್ಲೇ ತಿರುಗಿ, ದಿಬ್ಬದಾಚೆ ಹೋದವು. ನಾವಿಬ್ಬರೂ ಛತ್ರಿಯನ್ನು ನೋಡಿದೆವು.

ಗುರವನನ್ನು ಕೇಳಬೇಕಾಯಿತು. ಈ ಸಲ ಅವನು ಒಂದೇ ಮಾತಿಗೆ ಒಪ್ಪಿದ. "ಛತ್ರಿಗೆ ಏನೂ ಅಡ್ಡಿಯಿಲ್ಲ. ದೇವರ ಮುಂದ ಛತ್ರಿ ಬಿಚ್ಚಿದ್ರ ಅದು ಸೇವಾ."

ಹೀಗೆ ನನ್ನ ಜೀವನದ ಏಕೈಕ ದೇವರ ಸೇವೆ ಶುರುವಾಯಿತು. ಗುರವ ಗಂಟೆ ಹೊಡೆಯುವುದು, ಚಿಗರಿಗಳು ಬರುವುದು, ಐವತ್ತು ದಾಟಿದ ನಾನು ಕಟ್ಟೆಯ ಹಿಂದಿನಿಂದ ಛತ್ರಿ ಬಿಚ್ಚಿಕೊಂಡು ಹಾರಿ ಬೀಳುವುದು. ಗುರವನ ಗಾಡಿಯ ಎತ್ತುಗಳ ಗಂಟೆಗೂ ಹೀಗೆಯೇ, ಆಡಿನ ಗಂಟೆಗೂ ಹೀಗೆಯೇ. ಒಮ್ಮೆ ಪಾಪಾಸುಕಳ್ಳಿಯ ಮೇಲೆ ಬಿದ್ದೆ. ಹೌಸವ್ವ ಮುಳ್ಳು ತೆಗೆಯುತ್ತ ನಕ್ಕಳು, ನಗುತ್ತ ತೆಗೆದದ್ದರಿಂದ ಅರ್ಧ ಒಳಗೇ ಉಳಿದವು. ಚಿಗರಿ ನೋಡಲು ಬಂದ ಹಳ್ಳಿಯ ಜನ ಈಗ ನನ್ನನ್ನು ನೋಡಲು ಬರತೊಡಗಿದರು. ಹೆಂಗಸೊಬ್ಬಳು ನನ್ನ ಕಾಲಿಗೆ ಬಿದ್ದು, ಮಹಾರಾಜರ ಛತ್ರಿಯ ಗಾಳಿ ಕೂಸಿಗೆ ಸ್ವಲ್ಪ ಬೀಸಬೇಕು ಎಂದಳು. ಬೀಸಿದೆ. ಪ್ರಾಣಿಶಾಸ್ತ್ರದ ಪದವೀಧರನಾದ ನಾನು, ಕೂಸಿಗೆ ಛತ್ರಿ ಬೀಸಿದೆ. ಕೂಸು ನಕ್ಕಿತು. ಅದರಿಂದ ಏನು ಸಿದ್ಧವಾಗುತ್ತದೆ ಎಂದು ನನ್ನನ್ನು ಕೇಳಬೇಡಿ.

ಏಳನೆಯ ದಿನಕ್ಕೆ ನಾಲ್ಕು ಚಿಗರಿಗಳು ಗಂಟೆಗೆ ಬರುವುದನ್ನು ಬಿಟ್ಟವು. ಗುಬ್ಬಿ ಬಿಡಲಿಲ್ಲ. ಛತ್ರಿ ಬಿಚ್ಚಿದರೆ ಹಾರುತ್ತಿತ್ತು, ಸ್ವಲ್ಪ ದೂರ ಹೋಗಿ ನಿಂತು, ಛತ್ರಿಯ ಹಿಂದೆ ಯಾರೆಂದು ಮೂಸಿ ತಿಳಿದು ವಾಪಸು ಬರುತ್ತಿತ್ತು. ಎಂಟನೆಯ ದಿನವೂ ಬಂತು. ಒಂಬತ್ತನೆಯ ದಿನ ಹೌಸವ್ವ ನನ್ನ ಮುಂದೆ ಮಣ್ಣಿನ ಹೆಂಟೆಗಳನ್ನು ರಾಶಿ ಹಾಕಿ, "ಹೊಡೀರಿ" ಎಂದಳು.

"ನೀ ಹೊಡಿ."

"ನಾ ಹೊಡದ್ರ ನನಗ ಹೆದರತದ. ಅದು ನಿಮಗ ಹೆದರಬೇಕಾಗೇದ. ಗಂಟಿ ಹಿಂದ ನೀವ ಇರತೀರಿ ಅಂತ ತಿಳದದ ಅದು."

ಗಂಟೆ ಹೊಡೆಯಿತು. ಗುಬ್ಬಿ ಬಂತು, ಕಿವಿ ಮುಂದೆ ಮಾಡಿ. ಮೊದಲ ಹೆಂಟೆ ತಪ್ಪಿತು. ಅದು ನಿಂತು ಹೆಂಟೆಯನ್ನು ಮೂಸಿತು, ನಾನೇನೋ ತಿನ್ನಲು ಕೊಟ್ಟೆನೆಂದು. ಎರಡನೆಯದು ಪಕ್ಕೆಗೆ ಬಿತ್ತು. ಮೂರನೆಯದೂ ಬಿತ್ತು. ನಾಲ್ಕನೆಯದನ್ನು ಎತ್ತುವಷ್ಟರಲ್ಲಿ ಅದು ಇರಲಿಲ್ಲ. ನಾನು ಆಮೇಲೂ ಎಸೆಯುತ್ತಲೇ ಇದ್ದೆ, ರಾಶಿ ಮುಗಿಯುವವರೆಗೆ. ಹೌಸವ್ವ ನನ್ನ ತೋಳು ಹಿಡಿದು ಕೂಡಿಸಿದಳು. ಇಷ್ಟು ಚೆನ್ನಾಗಿ ನೆನಪಿರುವುದರಿಂದಲೇ ಈ ಭಾಗದ ಮೇಲೆ ನನಗೆ ಹೆಚ್ಚು ಅನುಮಾನ. ಮೂರು ಹೆಂಟೆಯೋ ಐದೋ, ಹೇಳಲಾರೆ.

ಆ ವರ್ಷ ಗಾಡಿಯ ಮುಂದೆ ಚಿಗರಿ ಬಂದು ಸತ್ತ ಸುದ್ದಿ ಬರಲಿಲ್ಲ. ಗುರುಬಸಪ್ಪನವರು ತಾವೇ ಮೂರು ಸಲ ಕಾರ್ಡು ಬರೆದು ಗುರವನನ್ನು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲಿನ ಮರಿಗಳನ್ನೂ ಬಿಟ್ಟೆವು, ಗಂಟೆಯಿಲ್ಲದೆ, ಪರದೆಯಿಲ್ಲದೆ. ಹೌಸವ್ವನ ಆಡುಗಳಲ್ಲಿ ಎರಡನ್ನು ಶೆಡ್ಡಿನಲ್ಲೇ ಇಟ್ಟು, ಮರಿಗಳು ನೇರ ಕೆಚ್ಚಲಿಗೆ ಬಾಯಿ ಹಾಕುವ ಹಾಗೆ ಮಾಡಿದೆವು. ಅದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಕೇಳುವಿರಿ. ಹೌಸವ್ವನಿಗೆ ಹೊಳೆದಿತ್ತಂತೆ, ನಾನು ಬಾಟಲಿಗೆ ವಾಲ್‌ಟ್ಯೂಬು ಕಟ್ಟುವುದನ್ನು ನೋಡಲು ಅವಳಿಗೆ ಚೆನ್ನಾಗಿತ್ತಂತೆ.

ಆದರೆ ಇವೆಲ್ಲಕ್ಕಿಂತ ಮೊದಲು, ದಸರೆಯ ಹಿಂದಿನ ದಿನ, ಪರೀಕ್ಷೆ ಮಾಡದೆ ವಾಪಸು ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ. ಗುರವನ ಗಾಡಿ ಹೂಡಿಸಿದೆ. ಎತ್ತುಗಳ ಕೊರಳಿಗೆ ಊರಲ್ಲಿದ್ದ ಗಂಟೆಯೆಲ್ಲ ಕಟ್ಟಿಸಿದೆ. ಗಾಡಿ ಹೊಡೆಯುವ ಗುರವನ ಪಕ್ಕದಲ್ಲಿ ನಾನು ಶಿಕಾರಿಯ ಹಾಗೆ ಕೋಲು ಹಿಡಿದು, ಹಿಂದೆ ಹೌಸವ್ವ. ಮಧ್ಯಾಹ್ನದ ಬಿಸಿಲು. ಎರಡನೆಯ ದಿಬ್ಬ ಏರುವಾಗ ದೂರದಲ್ಲಿ ಚಿಗರಿಗಳು ಕಂಡವು, ನನ್ನ ಲೆಕ್ಕಕ್ಕೆ ಆರು, ಗುರವನ ಲೆಕ್ಕಕ್ಕೆ ಎಂಟು. ಅಂದರೆ ನನ್ನವು ಕಾಡಿನವುಗಳ ಜೊತೆ ಸೇರಿದ್ದವು, ಅಥವಾ ಅವು ನನ್ನವೇ ಅಲ್ಲ. ಗಂಟೆ ಕೇಳಿದ ಕೂಡಲೇ ಎಲ್ಲ ತಲೆ ಎತ್ತಿದವು. ಒಂದು ಮಿಕ್ಕವಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿತು. ಆಮೇಲೆ ಎಲ್ಲ ಬಾಲ ತೋರಿಸಿ ಆಚೆಗಿಳಿದವು.

"ಕಿವಿ ಕಂಡತೇನು?" ಎಂದು ಹೌಸವ್ವನನ್ನು ಕೇಳಿದೆ. "ಎಡಗಿವಿ. ಸೀಳಿತ್ತೇನು?"

"ಇಷ್ಟ ದೂರದಿಂದ ಕಿವಿ ಯಾರಿಗೆ ಕಾಣತದರಿ?"

"ಹಂಗಾರ ಅದು ಗುಬ್ಬಿ ಹೌದೋ ಅಲ್ಲೋ ಹ್ಯಾಂಗ ಹೇಳೂದು?"

"ಹೇಳಾಕ ಬರೂವಷ್ಟ ಹತ್ರ ಬಂದಿದ್ರ ನೀವು ಈಗ ಅಳತಿದ್ರಿ."

ಗಾಡಿಯನ್ನು ಮುಂದೆ ಬಿಡಿಸಿದೆ. ಮುಂದಿನ ದಿಬ್ಬದಲ್ಲಿ ಮತ್ತೆ ಕಂಡವು, ಮೊದಲಿಗಿಂತ ದೂರ. ಅದರ ಮುಂದಿನದರಲ್ಲಿ ಇನ್ನೂ ದೂರ, ಬರೀ ಚುಕ್ಕೆಗಳು. ಹುಟ್ಟಿದಾಗಿನಿಂದ ಪುರಾವೆಯಿಲ್ಲದೆ ಒಂದನ್ನೂ ನಂಬದ ನಾನು, ಗಾಡಿಯ ಮೇಲೆ ಎದ್ದು ನಿಂತು, ಆ ಕಿವಿ ನನಗೆ ಕಾಣದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ, ಯಾರನ್ನು ಎಂದು ಗೊತ್ತಿಲ್ಲ. ಹೊಟ್ಟೆಯಿಂದ ನಗು ಉಕ್ಕಿ ಬರುತ್ತಿತ್ತು. ಗುರವನಿಗೆ ಗಾಡಿಯನ್ನು ಇನ್ನೂ ಜೋರಾಗಿ ಹೊಡೆಯಲು ಹೇಳಿದೆ. ಎತ್ತುಗಳು ಓಡಿದವು, ಗಂಟೆಗಳೆಲ್ಲ ಒಟ್ಟಿಗೇ ಬಡಿದುಕೊಂಡವು. ದಿಬ್ಬದ ನೆತ್ತಿಗೆ ಬಂದು ನೋಡಿದರೆ ಕಣ್ಣು ಹೋಗುವಷ್ಟು ದೂರವೂ ಹುಲ್ಲು ಮಾತ್ರ ಇತ್ತು.